ಒಂದು ಗಡ್ಡೆ, ಎರಡು ಬಾಟಲಿ

ಕಾಯಿಲೆ ನನ್ನದಲ್ಲ, ನನ್ನ ಹೆಂಡತಿ ಗಿರಿಜಾಳದು. ಬರೆಯುತ್ತಿರುವವನು ಮಾತ್ರ ನಾನು. ಅವಳನ್ನು ಕೇಳಿಯೇ ಬರೆಯಲು ಕೂತೆ. "ಬರೀರಿ. ಆದ್ರ ಡಾಕ್ಟರ್ ಮಂದಿ ಮಾಡಿದ್ದಷ್ಟ ಬರದು ನಿಮ್ಮದು ಮುಚ್ಚಿಟ್ರ, ನಾನ ಇನ್ನೊಂದು ಬರೀತೀನಿ," ಎಂದಳು. ಅವಳು ಓದಿರುವುದು ನಾಲ್ಕನೇ ಇಯತ್ತೆ. ಆದರೂ ಬರೆದಾಳು.

ಕ್ಯಾನ್ಸರ್ ಆಸ್ಪತ್ರೆಯ ಹಾಲ್‌ನಲ್ಲಿ ನನ್ನ ವಯಸ್ಸಿನ ಗಂಡಸರು ಬಹಳ ಮಂದಿ ಕೂತಿರುತ್ತಾರೆ. ತೊಡೆಯ ಮೇಲೆ ಪ್ಲಾಸ್ಟಿಕ್ ಕವರು, ಕವರಿನಲ್ಲಿ ರಿಪೋರ್ಟು. ಸ್ವಲ್ಪ ಪರಿಚಯವಾದರೆ ಸಾಕು, ಪಕ್ಕಕ್ಕೆ ವಾಲಿ, "ಇವ್ರು ಹೇಳೋದ್ರಲ್ಲಿ ನಿಜ ಎಷ್ಟು, ವ್ಯಾಪಾರ ಎಷ್ಟು ಗೊತ್ತಾಗಲ್ಲ ಸಾರ್" ಎನ್ನುತ್ತಾರೆ. ನಾನು ಹೂಂ ಎನ್ನುವುದಿಲ್ಲ, ಉಹೂಂ ಎನ್ನುವುದೂ ಇಲ್ಲ. ಅನುಮಾನ ಪಡಬೇಡಿ ಎಂದು ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ನನ್ನ ಅನುಮಾನ ನನ್ನ ಮನೆಯಲ್ಲಿ ಏನು ಮಾಡಿತು ಎಂಬುದನ್ನು ಮಾತ್ರ ಹೇಳಬಲ್ಲೆ.

ನಾವು ಹಾವೇರಿ ಕಡೆಯವರು. ಎಸ್‌ಎಸ್‌ಎಲ್‌ಸಿ ಪಾಸಾದ ಮೇಲೆ ಪೀಣ್ಯಕ್ಕೆ ಬಂದು, ಪಂಪಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಸೇರಿದೆ. ಎರಡು ವರ್ಷ ಕಬ್ಬಿಣದ ಪುಡಿ ಗುಡಿಸಿದ್ದಾಯಿತು. ಆಮೇಲೆ ಚೆಕಿಂಗ್ ವಿಭಾಗಕ್ಕೆ ಹಾಕಿದರು. ನಿವೃತ್ತಿಯವರೆಗೂ ಅದೇ ಕೆಲಸ. ಯಂತ್ರದಿಂದ ಬಂದ ಪೀಸನ್ನು ಅಳೆಯುವುದು, ಸರಿಯಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ. ನಮ್ಮಲ್ಲಿ ಒಂದು ಪದ್ಧತಿ ಇತ್ತು. ಒಬ್ಬ ಚೆಕ್ಕರ್ ನಿಜವಾಗಿ ಅಳೆಯುತ್ತಾನೋ, ಅಳೆಯದೆ ಸುಮ್ಮನೆ ಬರೆಯುತ್ತಾನೋ ಎಂದು ತಿಳಿಯಬೇಕಾದರೆ, ಅವನು ನೋಡಿದ ಪೀಸಿನ ಚೀಟಿ ಕಿತ್ತು, ಬೇರೆ ನಂಬರು ಹಾಕಿ, ಇನ್ನೊಂದು ಪಾಳಿಯ ಚೆಕ್ಕರ್‌ನ ಮುಂದೆ ಇಡುವುದು. ಇಬ್ಬರ ಅಳತೆಯೂ ಒಂದೇ ಬಂದರೆ ಇಬ್ಬರೂ ಸಾಚಾ. ಬೇರೆ ಬೇರೆ ಬಂದರೆ ಒಬ್ಬ ಕಳ್ಳ. ಇದರಲ್ಲಿ ನನ್ನದು ಎತ್ತಿದ ಕೈ. ನನಗೆ 'ಡೌಟ್ ಅಣ್ಣ' ಎಂದು ಹೆಸರಿಟ್ಟಿದ್ದರು. ನಾನು ಅದನ್ನು ಬೈಗುಳ ಎಂದುಕೊಳ್ಳಲಿಲ್ಲ.

ಆ ವರ್ಷ ದಸರಾ ಮುಗಿದ ಮೇಲೆ ಗಿರಿಜಾ ತನ್ನ ಎಡ ಎದೆಯಲ್ಲಿ ಗಂಟಿದೆ ಎಂದಳು. ಮೊದಲು ನಿಂಬೆಹಣ್ಣಿನಷ್ಟಿತ್ತಂತೆ. ನನಗೆ ಹೇಳುವ ಹೊತ್ತಿಗೆ ಸಣ್ಣ ಮೋಸಂಬಿಯಷ್ಟಾಗಿತ್ತು. ನೋವಿಲ್ಲ, ಏನಿಲ್ಲ. ನಾವಿರುವುದು ಬಾಗಲಗುಂಟೆಯಲ್ಲಿ. ಅಲ್ಲೇ ಹತ್ತಿರದಲ್ಲಿ ಒಬ್ಬ ಹಳೇ ಡಾಕ್ಟರ್ ಸಣ್ಣ ನರ್ಸಿಂಗ್ ಹೋಮ್ ಇಟ್ಟುಕೊಂಡಿದ್ದರು. ಕಾರ್ಖಾನೆಯವರ ಕೈಬೆರಳು ಹೊಲಿದು ಹೊಲಿದು ಹೆಸರಾದವರು. ಅವರು ಸೂಜಿ ಹಾಕಿಸಿ ನೋಡಿ, "ಕೆಟ್ಟದ್ದು ಅಂತ ಕಾಣಲ್ಲ. ಆದ್ರೂ ಬೆಳೀತಿದೆ, ತೆಗೆದುಬಿಡೋಣ" ಎಂದರು.

ಕೆಟ್ಟದ್ದಲ್ಲದಿದ್ದರೆ ತೆಗೆಯುವುದೇಕೆ? ನನ್ನ ಮೊದಲ ಅನುಮಾನ ಅದು. ಆದರೂ ಒಪ್ಪಿದೆ.

ಆಪರೇಷನ್ ಒಂದು ಗಂಟೆಯಲ್ಲಿ ಮುಗಿಯಿತು. ನರ್ಸಮ್ಮ ಹೊರಗೆ ಬಂದು ಬಿಳಿ ಮುಚ್ಚಳದ ಪ್ಲಾಸ್ಟಿಕ್ ಬಾಟಲಿಯೊಂದನ್ನು ನನ್ನ ಕೈಗಿಟ್ಟಳು. ಒಳಗೆ ಔಷಧಿ ನೀರಿನಲ್ಲಿ ಗಡ್ಡೆ ಮುಳುಗಿತ್ತು. "ಲ್ಯಾಬಿಗೆ ಕೊಟ್ಬನ್ನಿ ಅಣ್ಣ, ಚೀಟಿ ಇಲ್ಲಿದೆ. ಅಲ್ಲಾಡಿಸ್ಬೇಡಿ," ಎಂದಳು. ಸಣ್ಣ ಆಸ್ಪತ್ರೆಗಳಲ್ಲಿ ಇದು ರೂಢಿ. ಒಳಗಿನಿಂದ ತೆಗೆದದ್ದನ್ನು ಮನೆಯವರೇ ಹೊತ್ತುಕೊಂಡು ಹೋಗಿ ಪರೀಕ್ಷೆಗೆ ಕೊಡಬೇಕು.

ಬಾಟಲಿ ಕೈಯಲ್ಲಿ ಬೆಚ್ಚಗಿತ್ತು, ಅಥವಾ ನನಗೆ ಹಾಗನ್ನಿಸಿತು. ಚೀಟಿಯ ಮೇಲೆ ಲ್ಯಾಬಿನ ಹೆಸರನ್ನು ಮೊದಲೇ ಅಚ್ಚು ಹಾಕಿಸಿದ್ದರು. ಅದನ್ನು ನೋಡಿದೊಡನೆ ನನ್ನ ತಲೆ ಕಾರ್ಖಾನೆಗೆ ಹೋಯಿತು. ಡಾಕ್ಟರೂ ಲ್ಯಾಬೂ ಒಂದೇ ಗಾಡಿಯ ಎತ್ತುಗಳು. ಅವರು ಏನು ಬರೆದುಕೊಟ್ಟರೂ ನಾನು ನಂಬಬೇಕು. ಪೀಸು ಒಂದೇ, ಚೆಕ್ಕರೂ ಒಬ್ಬನೇ.

ಲ್ಯಾಬಿಗೆ ಹೋಗುವ ದಾರಿ ಬಿಟ್ಟು ನಾನು ಮನೆಗೆ ಬಂದೆ.

ಇನ್ನು ಮುಂದಿನದನ್ನು ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯಬೇಕು. ಟೆರೇಸಿನ ಮೇಲೆ ಬಟ್ಟೆ ಒಗೆಯುವ ಕಲ್ಲಿದೆ. ಅದರ ಮೇಲೆ ಒಂದು ಸ್ಟೀಲ್ ತಟ್ಟೆ ಇಟ್ಟೆ. ಕೈಗೆ ಪ್ಲಾಸ್ಟಿಕ್ ಕವರು ಕಟ್ಟಿಕೊಂಡೆ. ಮುಚ್ಚಳ ತೆಗೆದಾಗ ಔಷಧಿಯ ಘಾಟಿಗೆ ಕಣ್ಣಲ್ಲಿ ನೀರು ಬಂತು. ಗಡ್ಡೆಯನ್ನು ತಟ್ಟೆಗೆ ಹಾಕಿ, ದಾಡಿ ಮಾಡುವ ಹೊಸ ಬ್ಲೇಡಿನಿಂದ ನಡುವೆ ಎರಡು ಮಾಡಿದೆ. ಒಳಗೆ ಎಲೆಕೋಸನ್ನು ಸೀಳಿದಂತೆ ಮಡಿಕೆ ಮಡಿಕೆಯಾಗಿತ್ತು. ಒಂದು ಅರ್ಧ ಪೂರ್ತಿ ಬಿಳುಪು, ಗಟ್ಟಿ. ಇನ್ನೊಂದು ಅರ್ಧದ ಅಂಚಿನಲ್ಲಿ ಮೆತ್ತಗಿನ, ಮೀನಿನ ಮಾಂಸದಂಥ ನಸುಗೆಂಪು ಭಾಗವಿತ್ತು. ಅದನ್ನು ನಾನು ಕಣ್ಣಾರೆ ನೋಡಿದೆ. ಎರಕದ ಪೀಸು ಒಂದು ತುದಿಯಲ್ಲಿ ಗಟ್ಟಿಯಿದ್ದು ಇನ್ನೊಂದು ತುದಿಯಲ್ಲಿ ಒಳಗೇ ಟೊಳ್ಳಾಗಿರುವುದನ್ನು ಮೂವತ್ತು ವರ್ಷ ನೋಡಿದವನು ನಾನು. ಆ ಹೊತ್ತು ಅದು ನೆನಪಿಗೆ ಬರಲಿಲ್ಲ. ಒಂದೇ ಗಡ್ಡೆ, ಎರಡು ತುಂಡು, ಎರಡೂ ಒಂದೇ ಎಂದುಕೊಂಡೆ.

ಬಿಳಿ ಅರ್ಧವನ್ನು ಆಸ್ಪತ್ರೆಯ ಬಾಟಲಿಗೆ ಹಾಕಿ, ಚೀಟಿಯಲ್ಲಿದ್ದ ಲ್ಯಾಬಿಗೆ ಗಿರಿಜಾಳ ಹೆಸರಿನಲ್ಲೇ ಕೊಟ್ಟೆ. ಇನ್ನೊಂದು ಅರ್ಧವನ್ನು ತೊಳೆದ ಉಪ್ಪಿನಕಾಯಿ ಬಾಟಲಿಗೆ ಹಾಕಿ, ಅರ್ಧ ಔಷಧಿ ನೀರನ್ನು ಅದಕ್ಕೂ ಸುರಿದೆ. ಚೀಟಿಯ ಹೆಸರಿನ ಜಾಗಕ್ಕೆ ಬಿಳಿ ಕಾಗದ ಅಂಟಿಸಿ ಜೆರಾಕ್ಸ್ ಮಾಡಿಸಿ, ಅಲ್ಲಿ 'ನೀಲವ್ವ' ಎಂದು ಬರೆದೆ. ನೀಲವ್ವ ನನ್ನ ತಾಯಿ. ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಗಿತ್ತು. ಬದುಕಿರುವ ಹೆಂಗಸಿನ ಹೆಸರನ್ನು ಇಂಥ ಪರೀಕ್ಷೆಗೆ ಬರೆಯಲು ಭಯವಾಯಿತು. ಅದನ್ನು ಬಸ್ಸಿನಲ್ಲಿ ಯಶವಂತಪುರದ ಕಡೆ ತೆಗೆದುಕೊಂಡು ಹೋಗಿ, ನನಗೆ ಯಾರೂ ಹೇಳಿಕೊಡದ ಒಂದು ಲ್ಯಾಬಿಗೆ ಕೊಟ್ಟೆ. ಕೌಂಟರಿನವಳು ಉಪ್ಪಿನಕಾಯಿ ಬಾಟಲಿ ನೋಡಿ, "ಇದ್ಯಾವ್ ನರ್ಸಿಂಗ್ ಹೋಮ್ ಅಂಕಲ್, ಹಿಂಗ್ ಕೊಡ್ತಾರೆ?" ಎಂದಳು. ನಾನು ನಕ್ಕೆ.

ಮನೆಗೆ ಬರುವಾಗ ನನಗೆ ಹೆಮ್ಮೆಯಾಗಿತ್ತು. ಅದನ್ನೂ ಬರೆದುಬಿಡುತ್ತೇನೆ.

ಹತ್ತು ದಿನದಲ್ಲಿ ಎರಡೂ ರಿಪೋರ್ಟು ಬಂದವು. ಗಿರಿಜಾಳ ಹೆಸರಿನದರಲ್ಲಿ ಕ್ಯಾನ್ಸರ್ ಅಂಶ ಕಂಡಿಲ್ಲ ಎಂದಿತ್ತು. ನೀಲವ್ವನ ಹೆಸರಿನದರಲ್ಲಿ, ಇದು ಸಾರ್ಕೋಮಾ ಎಂಬ ಎದೆಯ ಅಪರೂಪದ ಕ್ಯಾನ್ಸರ್ ಇರಬಹುದು, ತಕ್ಷಣ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿ ಎಂದಿತ್ತು. ಎರಡು ಅಳತೆ ಬೇರೆ ಬೇರೆ. ಅಂದರೆ ಒಬ್ಬ ಕಳ್ಳ. ಯಾರು ಎಂಬುದು ನನಗೆ ಬೇಗ ಗೊತ್ತಾಗಿಹೋಯಿತು. ಏಕೆಂದರೆ ಎರಡನೇ ಲ್ಯಾಬಿನವರು ಫೋನ್ ಮಾಡತೊಡಗಿದರು.

"ನೀಲವ್ವ ಅವರ ಮನೆಯವರಾ? ನಾನು ಲ್ಯಾಬಿನ ಡಾಕ್ಟರ್. ಅವರನ್ನ ಕ್ಯಾನ್ಸರ್ ಸರ್ಜನ್ ಹತ್ರ ಕರ್ಕೊಂಡ್ ಹೋದ್ರಾ?"

"ಹೋಗ್ತೀವ್ರಿ."

ನಾಲ್ಕು ದಿನ ಬಿಟ್ಟು ಮತ್ತೆ ಅದೇ ಡಾಕ್ಟರಮ್ಮ. "ಅರ್ಧ ಗಡ್ಡೆ ಮಾತ್ರ ಬಂದಿದೆ ನಮಗೆ. ಉಳಿದದ್ದು ಎಲ್ಲಿ? ಇದು ಮತ್ತೆ ಬರೋ ಜಾತಿದು, ತಡ ಮಾಡಬಾರದು."

ಕಾಸಿಲ್ಲದೆ ಇಷ್ಟು ಕಾಳಜಿ ಯಾರು ಮಾಡುತ್ತಾರೆ? ಯಾವುದೋ ದೊಡ್ಡ ಆಸ್ಪತ್ರೆಗೆ ಜನ ಹಿಡಿದುಕೊಡುವ ದಂಧೆ ಇರಬೇಕು ಎಂದುಕೊಂಡೆ. ಮೂರನೇ ಸಲ ಫೋನ್ ಬಂದಾಗ, "ನೀಲವ್ವ ತೀರಿಕೊಂಡ್ರು ಮೇಡಂ" ಎಂದೆ.

"ಇಷ್ಟು ಬೇಗನಾ?" ಎಂದರು. ಆಮೇಲೆ, "ಸಾರಿ ಅಂಕಲ್" ಎಂದು ಇಟ್ಟರು.

ನೀಲವ್ವ ತೀರಿಕೊಂಡದ್ದು ಸುಳ್ಳಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆ ರಿಪೋರ್ಟನ್ನು ಮಡಚಿ ಮನೆಯ ಕಂದಾಯ ರಸೀದಿಗಳ ಜೊತೆ ಇಟ್ಟೆ. ಹಳೇ ಡಾಕ್ಟರಿಗೆ ಒಳ್ಳೆಯ ರಿಪೋರ್ಟು ತೋರಿಸಿದೆ. ಅವರು ಕನ್ನಡಕ ಮೇಲೇರಿಸಿ, "ಕತ್ತರಿಸಿದ ಸ್ಥಿತಿಯಲ್ಲಿ ಬಂದಿದೆ, ಅಂಚಲ್ಲಿ ಏನಾದ್ರೂ ಉಳಿದಿದೆಯಾ ಹೇಳೋಕಾಗಲ್ಲ ಅಂತ ಬರ್ದಿದಾರಲ್ಲ. ನಾನು ಇಡೀ ಕೊಟ್ಟಿದ್ದು," ಎಂದರು.

"ಲ್ಯಾಬ್‌ನೋರೇ ಕತ್ತರಿಸಿರಬೇಕು ಸಾರ್."

ಅವರು ನನ್ನನ್ನು ಒಂದು ಸಲ ನೋಡಿದರು. ತಿಂಗಳಿಗೊಮ್ಮೆ ತಂದು ತೋರಿಸಿ ಎಂದರು. ನಾನು ತೋರಿಸಲಿಲ್ಲ. ಗುಣವಾದವಳನ್ನು ತಿಂಗಳಿಗೊಮ್ಮೆ ಏಕೆ ಕರೆಯುತ್ತಾರೆ ಎಂಬುದು ನನಗೆ ಗೊತ್ತು ಎಂದುಕೊಂಡೆ.

ಶಿವರಾತ್ರಿಯ ಹೊತ್ತಿಗೆ ಗಿರಿಜಾ ಸೆರಗನ್ನು ಬೇರೆ ರೀತಿ ಹೊದೆಯತೊಡಗಿದ್ದಳು. ನಾನು ಗಮನಿಸಲಿಲ್ಲ. ಗಮನಿಸಿದ್ದು ನಮ್ಮ ಒಬ್ಬಳೇ ಮಗಳು ಸವಿತಾ. ಅವಳು ಗಂಡನ ಜೊತೆ ಕಾಡುಗೋಡಿಯಲ್ಲಿದ್ದಾಳೆ, ಅಲ್ಲೇ ಒಂದು ಶಾಲೆಯಲ್ಲಿ ಟೀಚರು. ಹಬ್ಬಕ್ಕೆಂದು ಬಂದವಳು ತಾಯಿಯನ್ನು ಒಳಕೋಣೆಗೆ ಕರೆದುಕೊಂಡು ಹೋದಳು. ಹೊರಗೆ ಬಂದಾಗ ಅವಳ ಮುಖದಲ್ಲಿ ರಕ್ತವಿರಲಿಲ್ಲ.

"ಅಪ್ಪಾಜಿ, ಅಮ್ಮಂಗೆ ಮತ್ತೆ ಬಂದಿದೆ. ಮೊದಲಿನದಕ್ಕಿಂತ ದೊಡ್ಡದಿದೆ. ಒಂದೂವರೆ ತಿಂಗಳಿಂದ ಇದೆಯಂತೆ."

"ನನಗ ಯಾಕ ಹೇಳ್ಲಿಲ್ಲ?" ಎಂದು ಗಿರಿಜಾಳನ್ನು ಕೇಳಿದೆ.

"ನಿಮಗ ಹೇಳಿದ್ರ ಏನ್ ಹೇಳ್ತಿದ್ರಿ? ಡಾಕ್ಟರ್ ಕಳ್ಳ, ಕಂಪೌಂಡರ್ ಕಳ್ಳ, ಆಸ್ಪತ್ರಿ ಬಾಗಲಾ ಕಾಯೋನೂ ಕಳ್ಳ ಅಂತಿದ್ರಿ. ಅದನ್ನ ಕೇಳಾಕ ನನಗ ತ್ರಾಣ ಇರ್ಲಿಲ್ಲ."

ಸವಿತಾ ಮರುದಿನವೇ ತಾಯಿಯನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ವೈಟ್‌ಫೀಲ್ಡ್ ಕಡೆಯ ಒಂದು ಆಸ್ಪತ್ರೆಯಲ್ಲಿ ಕ್ಯಾನ್ಸರ್ ಸರ್ಜನ್ ಒಬ್ಬರಿಗೆ ತೋರಿಸಿದಳು. ನಾನೂ ಹಿಂದಿನಿಂದ ಹೋದೆ. ನಾಗಸಂದ್ರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ, ಕಾಡುಗೋಡಿಯ ಕೊನೆಯ ಸ್ಟೇಷನ್‌ವರೆಗೆ. ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವಷ್ಟು ಹೊತ್ತೂ ರಸೀದಿಗಳ ಜೊತೆ ಇಟ್ಟ ಆ ರಿಪೋರ್ಟೇ ನೆನಪಾಗುತ್ತಿತ್ತು. ಅದು ಇನ್ನೂ ಪಶ್ಚಾತ್ತಾಪವಲ್ಲ. ಸಿಕ್ಕಿಬೀಳುವ ಭಯ.

ಸರ್ಜನ್ ಮೇಡಂ ಚಿಕ್ಕ ವಯಸ್ಸಿನವರು. ಗಿರಿಜಾಳ ಕೈ ಹಿಡಿದುಕೊಂಡೇ ಮಾತಾಡಿದರು. "ಅಮ್ಮ, ಇದು ಎಲ್ಲರಿಗೂ ಬರೋ ಎದೆ ಕ್ಯಾನ್ಸರ್ ತರ ಕಾಣ್ತಿಲ್ಲ. ತುಂಬ ಅಪರೂಪದ್ದು ಇರಬಹುದು. ನಾನೇ ವರ್ಷಕ್ಕೆ ಒಂದೋ ಎರಡೋ ನೋಡೋದು."

ಅಪರೂಪ ಎಂಬ ಮಾತು ಕೇಳಿದೊಡನೆ ನನ್ನ ಹಳೆಯ ಬುದ್ಧಿ ಎದ್ದಿತು. ಹಾಗಾದರೆ ನನ್ನ ಹೆಂಡತಿ ಇವರಿಗೆ ಪಾಠದ ಪುಸ್ತಕ. ಕಲಿಯುವವರನ್ನೆಲ್ಲ ಕರೆದು ತೋರಿಸುತ್ತಾರೆ. ಇಬ್ಬರು ಎಳೆಯ ಡಾಕ್ಟರುಗಳು ಒಳಗೆ ಬಂದದ್ದನ್ನು ಕಂಡು ಮುಖ ಗಂಟಿಕ್ಕಿದೆ. ಗಿರಿಜಾ ಮಾತ್ರ ಅವರಿಗೆ, "ಬರ್ರವಾ, ನೋಡ್ರಿ. ಮುಂದ ಬ್ಯಾರೆ ಹೆಣಮಕ್ಕಳಿಗೆ ಉಪಯೋಗ ಆದೀತು," ಎಂದಳು.

ದಪ್ಪ ಸೂಜಿ ಹಾಕಿ ತುಣುಕು ತೆಗೆದರು. ಬರೀ ರಕ್ತ, ಸತ್ತ ಮಾಂಸ ಬಂತು. ಇನ್ನೊಂದು ಸಲ ತೆಗೆದರು. ಅನುಮಾನವಿದೆ, ಖಚಿತವಿಲ್ಲ ಎಂದು ಬಂತು. ಎದೆಗೂಡಿನ ಸ್ಕ್ಯಾನ್ ಆಯಿತು. ಶ್ವಾಸಕೋಶ ಸದ್ಯಕ್ಕೆ ಸ್ವಚ್ಛ. ಆ ದಿನ ಕಾಯುವ ಹಾಲ್‌ನಲ್ಲಿ ಗಿರಿಜಾಳ ಪಕ್ಕ ಕೂತಿದ್ದ ಹೊಸಕೋಟೆಯ ಹೆಂಗಸೊಬ್ಬಳು, ತಲೆಗೆ ಸ್ಕಾರ್ಫ್ ಕಟ್ಟಿಕೊಂಡವಳು, ತನ್ನ ಡಬ್ಬಿಯಿಂದ ಚಿತ್ರಾನ್ನ ಹಂಚಿಕೊಟ್ಟಳು. "ತಿನ್ನಕ್ಕ. ಮಿಷಿನ್ ಒಳಗೆ ಅಂಗೇ ಮಲಗ್ಬೇಕು, ಒಟ್ಟೆ ಗುರ್ ಅಂದ್ರೆ ನಗು ಬತ್ತದೆ," ಎಂದಳು. ಗಿರಿಜಾ ಎಷ್ಟೋ ದಿನದ ಮೇಲೆ ನಕ್ಕಳು. ನಾನು ಆ ಹೆಂಗಸನ್ನೂ ಅನುಮಾನದಿಂದಲೇ ನೋಡಿದೆ, ಏನಾದರೂ ಮಾರಲು ಬಂದಿದ್ದಾಳೋ ಎಂದು.

ಒಂದು ಸೋಮವಾರ ಮೇಡಂ ಹಳೆಯ ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರಡಿದರು. ಹಳೇ ಡಾಕ್ಟರು ಬರೆದ ಆಪರೇಷನ್ ಚೀಟಿಯ ಮೇಲೆ ಬೆರಳಿಟ್ಟರು. "ಇಲ್ಲಿ ತೆಗೆದ ಗಡ್ಡೆ ಏಳು ಸೆಂಟಿಮೀಟರ್ ಅಂತಿದೆ. ಲ್ಯಾಬಿಗೆ ಬಂದಿರೋದು ಮೂರೂವರೆ. ಮಿಕ್ಕಿದ್ದು ಎಲ್ಲಿ?"

ನಾನು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗಿದೆ.

"ಗುರುವಾರ ನಮ್ಮ ಡಾಕ್ಟರುಗಳೆಲ್ಲ ಕೂತು ತೀರ್ಮಾನ ಮಾಡ್ತೀವಿ. ಹಳೇ ಗಡ್ಡೆ ನಿಜವಾಗ್ಲೂ ಒಳ್ಳೇದೇ ಆಗಿದ್ರೆ, ಇದನ್ನ ಸುತ್ತ ಸ್ವಲ್ಪ ಜಾಗ ಸೇರಿಸಿ ತೆಗೆದ್ರೆ ಸಾಕಾಗಬಹುದು. ಕೆಟ್ಟದ್ದಾಗಿದ್ರೆ ಎದೆ ಪೂರ್ತಿ ತೆಗೀಬೇಕು, ರೇಡಿಯೇಷನ್ನೂ ಬೇಕು. ತಪ್ಪಾಗಿ ಕಡಿಮೆ ತೆಗೆದ್ರೆ ಕಾಯಿಲೆ ಉಳ್ಕೊಳುತ್ತೆ. ತಪ್ಪಾಗಿ ಜಾಸ್ತಿ ತೆಗೆದ್ರೆ ಅಮ್ಮಂಗೆ ಸುಮ್ಮನೆ ಶಿಕ್ಷೆ. ಆ ಅರ್ಧ ಗಡ್ಡೆ ಎಲ್ಲಾದ್ರೂ ಸಿಕ್ಕಿದ್ರೆ ಚೆನ್ನಾಗಿತ್ತು. ಲ್ಯಾಬುಗಳು ಅದನ್ನ ಮೇಣದಲ್ಲಿ ಅಚ್ಚು ಹಾಕಿ ವರ್ಷಗಟ್ಟಲೆ ಇಟ್ಟಿರ್ತಾರೆ."

ಹೊರಗೆ ಬಂದ ಸವಿತಾಳಿಗೆ ಮೈಯೆಲ್ಲ ಉರಿ. "ಆ ಮುದುಕ ಡಾಕ್ಟರೇ ಏನೋ ಮಾಡಿದಾನೆ. ಅರ್ಧ ಒಳಗೇ ಬಿಟ್ಟು ಪೂರ್ತಿ ತೆಗೆದೆ ಅಂತ ಬರ್ದಿದಾನೆ," ಎಂದಳು. ಅದೇ ಸಂಜೆ ನನ್ನನ್ನೂ ಎಳೆದುಕೊಂಡು ಬಾಗಲಗುಂಟೆಯ ನರ್ಸಿಂಗ್ ಹೋಮ್‌ಗೆ ನುಗ್ಗಿದಳು. ರೋಗಿಗಳು ಬೆಂಚಿನ ಮೇಲೆ ಕೂತಿದ್ದರು.

"ಮಿಕ್ಕಿದ ಅರ್ಧ ಎಲ್ಲಿ ಹೇಳಿ. ನಮ್ಮಮ್ಮನ ಜೀವದ ಪ್ರಶ್ನೆ ಇದು. ಕೈ ನಡುಗೋ ವಯಸ್ಸಲ್ಲಿ ಚಾಕು ಯಾಕ್ರೀ ಹಿಡೀತೀರಾ?"

ಹಳೇ ಡಾಕ್ಟರು ಎದ್ದು ರಿಜಿಸ್ಟರ್ ತಂದರು. ತೆಗೆದ ಗಡ್ಡೆಯ ಚಿತ್ರವನ್ನು ಪೆನ್ನಿನಲ್ಲಿ ಬರೆದು ಅಳತೆ ಹಾಕಿದ್ದರು. ಅವರ ಕೈ ನಿಜವಾಗಿಯೂ ನಡುಗುತ್ತಿತ್ತು. "ಇಡೀ ತೆಗೆದೆ ಕಣಮ್ಮ. ಇಡೀ ಬಾಟಲಿಗೆ ಹಾಕಿಸಿದೆ," ಎಂದು ನನ್ನ ಕಡೆ ತಿರುಗಿದರು. "ತಗೊಂಡು ಹೋಗಿದ್ದು ನೀವೇ ಅಲ್ವಾ? ಲ್ಯಾಬಿಗೆ ಹೆಂಗೆ ಕೊಟ್ರಿ?"

"ನೀವು ಕೊಟ್ಟಂಗೇ ಕೊಟ್ಟೆ," ಎಂದೆ.

ಬೆಂಚಿನ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಬ್ಬರು ಎದ್ದುಹೋದರು. ಅವರು ಎದ್ದುಹೋದದ್ದನ್ನು ಡಾಕ್ಟರೂ ನೋಡಿದರು, ನಾನೂ ನೋಡಿದೆ.

ಮರುದಿನ ಬೆಳಿಗ್ಗೆ ಮನೆಯಲ್ಲಿ ಒಬ್ಬನೇ ಇದ್ದೆ. ಕಂದಾಯ ರಸೀದಿಗಳ ಕಟ್ಟು ಬಿಚ್ಚಿ ನೀಲವ್ವನ ರಿಪೋರ್ಟು ತೆಗೆದೆ. ಹೆಂಡತಿಗೆ ಹೇಳದೆ ಮುಗಿಸಬಹುದು ಎಂದು ಆಗಲೂ ಲೆಕ್ಕ ಹಾಕುತ್ತಿದ್ದೆ. ಲ್ಯಾಬಿನಿಂದ ಆ ಮೇಣದ ಅಚ್ಚನ್ನು ತಂದು, ಹೇಗೋ ಸಿಕ್ಕಿತು ಎಂದು ಮೇಡಂ ಮೇಜಿನ ಮೇಲೆ ಇಟ್ಟುಬಿಡುವುದು. ಯಶವಂತಪುರದ ಬಸ್ಸು ಹತ್ತಿದೆ.

ಕೌಂಟರಿನವಳು ಕಂಪ್ಯೂಟರ್ ನೋಡಿ, "ಪೇಷಂಟ್ ತೀರಿಕೊಂಡಿದಾರೆ ಅಂತಿದೆ. ಡೆತ್ ಸರ್ಟಿಫಿಕೇಟ್ ತಂದಿದೀರಾ?" ಎಂದಳು. ಮನೆಯಲ್ಲಿ ನಿಜವಾಗಿಯೂ ನೀಲವ್ವನ ಡೆತ್ ಸರ್ಟಿಫಿಕೇಟ್ ಇತ್ತು, ಇಪ್ಪತ್ತು ವರ್ಷ ಹಳೆಯದು. ಡಾಕ್ಟರಮ್ಮನನ್ನು ನೋಡಬೇಕು ಎಂದೆ.

ನಡುವಯಸ್ಸಿನ ತೆಳ್ಳನೆಯ ಹೆಂಗಸು. ಫೋನಿನ ದನಿ ಅದೇ. ಅವರೆದುರು ಕೂತು, ಬ್ಲೇಡಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಜೀವನದಲ್ಲಿ ಮೊದಲ ಸಲ ಒಬ್ಬರ ಎದುರು ಏನನ್ನೂ ಒಳಗಿಟ್ಟುಕೊಳ್ಳದೆ ಮಾತಾಡಿದೆ. ಬೈಯುತ್ತಾರೆ, ಪೊಲೀಸರಿಗೆ ಹೇಳುತ್ತಾರೆ ಎಂದುಕೊಂಡಿದ್ದೆ.

ಅವರು ಕೇಳಿದ್ದು ಒಂದೇ. "ಹಾಗಾದ್ರೆ ಅವರು ಬದುಕಿದಾರಾ?"

"ಹೌದ್ರಿ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಆ ಕೇಸು ನನಗೆ ಚೆನ್ನಾಗಿ ನೆನಪಿದೆ. ತಡವಾಗಿ ಹೇಳಿದ್ನೇನೋ, ಇನ್ನೂ ಜೋರಾಗಿ ಹೇಳಬೇಕಿತ್ತೇನೋ ಅಂತ ಎಷ್ಟು ದಿನ ಅನ್ಕೊಂಡಿದೀನಿ ಗೊತ್ತಾ ನಿಮಗೆ?"

ನಾನು ದಂಧೆಯವಳು ಎಂದುಕೊಂಡ ಹೆಂಗಸು ಇವರು. ತಲೆಯೆತ್ತಲಾಗಲಿಲ್ಲ.

ಆದರೆ ಅಚ್ಚನ್ನು ಕೊಡಲಿಲ್ಲ. "ಒಬ್ಬರ ಹೆಸರಿನ ಅಚ್ಚನ್ನ ಇನ್ನೊಬ್ಬರ ಚಿಕಿತ್ಸೆಗೆ ಸುಮ್ಮನೆ ಕೊಡೋಕಾಗಲ್ಲ. ಇದು ನನ್ನ ದೇಹದ್ದೇ, ಹೆಸರು ತಪ್ಪಾಗಿ ಕೊಟ್ಟಿದ್ದು ಹೀಗೆ ಅಂತ ನಿಮ್ಮ ಮನೆಯವರು ಬರೆದು ಸಹಿ ಹಾಕಿಕೊಡಲಿ. ಸರ್ಜನ್ ಕಡೆಯಿಂದಲೂ ಒಂದು ಪತ್ರ ಬೇಕು. ಗುರುವಾರಕ್ಕೆ ಬೇಕಾದ್ರೆ ನಾಳೆಯೇ ತನ್ನಿ, ರಾತ್ರಿಯೊಳಗೆ ಸ್ಲೈಡ್ ಮಾಡಿಸಿಡ್ತೀನಿ." ಏನು ಬರೆಯಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಅವರೇ ಬರೆದುಕೊಟ್ಟರು, ಕನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ.

ಹೇಳದೆ ಮುಗಿಸುವ ದಾರಿ ಅಲ್ಲಿಗೆ ಮುಚ್ಚಿತು.

ಕಾಡುಗೋಡಿ ತಲುಪಿದಾಗ ಮಧ್ಯಾಹ್ನ. ಗಿರಿಜಾ ಬಾಲ್ಕನಿಯಲ್ಲಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಸವಿತಾ ಇನ್ನೂ ಶಾಲೆಯಿಂದ ಬಂದಿರಲಿಲ್ಲ. ನಾನು ನೆಲದ ಮೇಲೆ ಕೂತು ಹಾಳೆಯನ್ನು ಅವಳ ಮುಂದಿಟ್ಟೆ. ಅವಳು ಬೆರಳಿಟ್ಟು ಓದತೊಡಗಿದಳು. ನಾನು ಜೊತೆಜೊತೆಗೆ ಹೇಳುತ್ತ ಹೋದೆ. ಅವಳ ಕೈ ಸೊಪ್ಪಿನ ಮೇಲೆಯೇ ನಿಂತಿತು.

"ಒಗ್ಯಾಣ ಕಲ್ಲಿನ ಮ್ಯಾಲೆ?" ಎಂದಳು.

"ಹೂಂ."

"ನಾ ಅಲ್ಲೆ ಆಸ್ಪತ್ರ್ಯಾಗ ಎಚ್ಚರಿಲ್ದ ಮಲಗಿದ್ದಾಗ?"

"ಹೂಂ."

"ಕೆಟ್ಟ ರಿಪೋರ್ಟ್ ಬಂದಿದ್ದು ಯಾವಾಗ?"

"ದೀಪಾವಳಿ ಮುಂದ."

ಅವಳು ಬೆರಳು ಮಡಚಿ ತಿಂಗಳು ಎಣಿಸಿದಳು. ಆಮೇಲೆ ಕೇಳಿದಳು, "ನನ್ನ ಹೆಸರು ಬರೀಲಾರದ ಅತ್ತಿ ಹೆಸರು ಯಾಕ ಬರದ್ರಿ?"

"ಅಂಜಿಕಿ ಬಂತು. ನಿನ್ನ ಹೆಸರಿನ ಮ್ಯಾಲೆ ಕೆಟ್ಟದ್ದು ಬರಬಾರದಂತ."

"ಹೆಸರಿನ ಮ್ಯಾಲೆ ಬರಲಿಲ್ಲ ಬಿಡ್ರಿ," ಎಂದಳು. "ಮೈಮ್ಯಾಲೆ ಬಂತು."

ನಾನು ಅಳುತ್ತಿದ್ದೆ. ಅವಳು ಅಳಲಿಲ್ಲ. ಕೈಗೆ ಅಂಟಿದ್ದ ಸೊಪ್ಪು ಕೊಡವಿ, ಸೆರಗಿಗೆ ಒರೆಸಿಕೊಂಡು, "ಪೆನ್ನು ಕೊಡ್ರಿ," ಎಂದಳು. ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು. "ಸಿಟ್ಟು ಆಮ್ಯಾಲ ಮಾಡ್ತೀನಿ. ಸವಿತಾಗ ನೀವ ಹೇಳ್ರಿ, ನಾ ಹೇಳೂದಿಲ್ಲ. ಮೊದಲ ಅದನ್ನ ತಗೊಂಡು ಬರ್ರಿ."

ಸವಿತಾಳಿಗೆ ನಾನೇ ಹೇಳಿದೆ. ಅವಳು ಕೇಳುತ್ತ ಕೇಳುತ್ತ ಗೋಡೆಗೆ ಒರಗಿದಳು. "ನಾನು ಆ ಡಾಕ್ಟರ್‌ಗೆ ಎಲ್ಲರ ಮುಂದೆ ಬೈದೆ, ಅಪ್ಪಾಜಿ. ನೀವು ಪಕ್ಕದಲ್ಲೇ ನಿಂತಿದ್ರಿ," ಎಂದಳು.

ಬುಧವಾರ ಸರ್ಜನ್ ಮೇಡಂಗೂ ಎಲ್ಲ ಹೇಳಿ, ಅವರಿಂದ ಪತ್ರ ಬರೆಸಿಕೊಂಡು, ಎರಡೂ ಕಾಗದವನ್ನು ಯಶವಂತಪುರದ ಲ್ಯಾಬಿಗೆ ಕೊಟ್ಟೆ. ಗುರುವಾರ ಸ್ಲೈಡುಗಳು ಮೇಡಂ ಕೈ ಸೇರಿದ್ದವು. ಮೀಟಿಂಗ್ ಮುಗಿಸಿ ಬಂದು ಅವರು ಹೇಳಿದರು. ಎರಡು ಲ್ಯಾಬುಗಳೂ ಸರಿಯಾಗಿಯೇ ಬರೆದಿದ್ದವು. ಗಡ್ಡೆಯ ಒಂದು ಭಾಗ ಸಾಧುವಾಗಿತ್ತು, ಇನ್ನೊಂದು ಭಾಗ ಸಾರ್ಕೋಮಾ ಆಗಿ ತಿರುಗಿತ್ತು. "ಈ ಜಾತಿ ಗಡ್ಡೆನೇ ಹಾಗೆ ಅಂಕಲ್, ಒಂದೊಂದು ಮೂಲೆ ಒಂದೊಂದು ತರ. ಇಡೀ ಕೊಟ್ಟಿದ್ರೆ ಯಾವ ಲ್ಯಾಬಾದ್ರೂ ಹಿಡೀತಿತ್ತು." ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಹಗುರವಾಗುತ್ತಿತ್ತು.

ಎದೆ ಪೂರ್ತಿ ತೆಗೆದರು, ಅಡಿಯ ಮಾಂಸಖಂಡದ ಒಂದು ಪದರ ಸಹಿತ. ಕಂಕುಳಿನ ಗಂಟುಗಳನ್ನು ತೆಗೆಯಲಿಲ್ಲ. ಹೊಸಕೋಟೆಯ ಹೆಂಗಸು ತನಗೆ ಅವನ್ನೂ ತೆಗೆದರು ಎಂದಿದ್ದಳಲ್ಲ, ನಮಗೇಕೆ ಬಿಟ್ಟರು ಎಂಬ ಪ್ರಶ್ನೆ ನನ್ನ ನಾಲಗೆಯ ತುದಿಗೆ ಬಂತು. ನುಂಗಿಕೊಂಡೆ. ಮೇಡಂ ತಾವಾಗಿಯೇ, "ಇದು ಆ ದಾರೀಲಿ ಹರಡೋದು ಕಡಿಮೆ, ಸುಮ್ಮನೆ ಕೈ ಬಾವು ಬರಿಸೋದು ಬೇಡ," ಎಂದರು.

ಆಮೇಲೆ ರೇಡಿಯೇಷನ್. ವಾರಕ್ಕೆ ಐದು ದಿನದಂತೆ ಐದು ವಾರ. ಕಾಡುಗೋಡಿಯಿಂದ ನಾನೇ ಕರೆದುಕೊಂಡು ಹೋಗುತ್ತಿದ್ದೆ. ಗಿರಿಜಾ ಹೇಳಿದ್ದ ಸಿಟ್ಟು ಆಗ ಬಂತು. ಆಟೋದಲ್ಲಿ ನನ್ನ ಪಕ್ಕ ಕೂತು ಆಚೆ ನೋಡುತ್ತಿದ್ದಳು. ಮಾತಾಡಿದರೆ ಆಟೋದವನ ಜೊತೆ. ಚರ್ಮ ಸುಟ್ಟ ಬದನೆಕಾಯಿಯಂತೆ ಕಪ್ಪಾಗಿ ಸುಲಿಯತೊಡಗಿದಾಗಲೂ ಮುಲಾಮು ಹಚ್ಚಲು ನನ್ನನ್ನು ಕರೆಯಲಿಲ್ಲ. ಮೂರನೇ ವಾರದಲ್ಲಿ ಒಂದು ದಿನ, ಸವಿತಾ ಇಲ್ಲದಾಗ, "ಬರ್ರಿ ಇಲ್ಲೆ, ಬೆನ್ನಿನ ಕಡೆ ನನಗ ಕೈ ನಿಲುಕೂದಿಲ್ಲ," ಎಂದಳು. ಮುಲಾಮು ಹಚ್ಚಿದೆ. ಅವಳು, "ಮೆತ್ತಗ," ಎಂದಳು. ಅಷ್ಟೇ.

ಚಿಕಿತ್ಸೆ ಮುಗಿದ ಮೇಲೆ ಅವಳು ಇಟ್ಟ ಮೊದಲ ಶರತ್ತು, ಹಳೇ ಡಾಕ್ಟರ ಬಳಿ ಹೋಗಬೇಕು ಎಂಬುದು. ರೋಗಿಗಳಿರುವ ಹೊತ್ತಿಗೇ ಹೋಗಬೇಕು. ಸವಿತಾ ಮೊದಲು ಕೈಮುಗಿದಳು. ನಾನು ನಡೆದದ್ದನ್ನು ಬೆಂಚಿನ ಮೇಲಿದ್ದವರಿಗೂ ಕೇಳುವಂತೆ ಹೇಳಿದೆ. ಡಾಕ್ಟರು ನನ್ನನ್ನು ಕೂರಿಸಲಿಲ್ಲ.

"ಬಾಟಲಿ ನಿಮ್ಮ ಕೈಗೆ ಕೊಟ್ಟಿದ್ದು ನನ್ನ ತಪ್ಪು. ಈಗ ಕೊಡ್ತಿಲ್ಲ, ನಮ್ಮ ಹುಡುಗಿ ಕೈಲೇ ಕಳಿಸ್ತೀನಿ," ಎಂದರು. "ಆದ್ರೆ ಅವತ್ತು ನಾನು ನೇರವಾಗಿ ಕೇಳಿದೆ. ಆಮೇಲೆ ಎಷ್ಟು ದಿನ ನನ್ನ ಕೈ ನೋಡ್ಕೊಂಡು ಕೂತಿದ್ದೆ ಗೊತ್ತಾ? ನಿಜವಾಗ್ಲೂ ಬಿಟ್ಟುಬಿಟ್ನೇನೋ ಅಂತ. ಆಪರೇಷನ್ ಮಾಡೋದನ್ನೇ ನಿಲ್ಲಿಸ್ದೆ." ಗಿರಿಜಾಳ ನಾಡಿ ಹಿಡಿದು ನೋಡಿದರು. ಚೆನ್ನಾಗಿರಮ್ಮ ಎಂದರು. ನನಗೆ ಏನೂ ಹೇಳಲಿಲ್ಲ.

ಈಗ ಎರಡು ವರ್ಷ ಕಳೆದಿದೆ. ನಾಲ್ಕು ತಿಂಗಳಿಗೊಮ್ಮೆ ಎದೆಗೂಡಿನ ಸ್ಕ್ಯಾನ್ ಇರುತ್ತದೆ. ಈ ಕಾಯಿಲೆ ಮರಳಿದರೆ ಶ್ವಾಸಕೋಶಕ್ಕೆ ಬರುತ್ತದಂತೆ. ಗಿರಿಜಾಳ ಎರಡನೇ ಶರತ್ತು ಇದಕ್ಕೆ ಸಂಬಂಧಿಸಿದ್ದು. ಫೈಲು ಅವಳ ಹತ್ತಿರ ಇರುತ್ತದೆ. ರಿಪೋರ್ಟಿನ ಲಕೋಟೆಯನ್ನು ಅವಳೇ ಇಸಿದುಕೊಳ್ಳುತ್ತಾಳೆ. ಮೇಡಂ ಕೋಣೆಗೆ ಅವಳೊಬ್ಬಳೇ ಹೋಗುತ್ತಾಳೆ. ಸವಿತಾ ಬಂದರೆ ಸವಿತಾಳನ್ನು ಕರೆಯುತ್ತಾಳೆ. ನಾನು ಹೊರಗೆ ಕೂರಬೇಕು.

ಮೊನ್ನೆಯೂ ಹೋಗಿದ್ದೆವು. ಸವಿತಾಳಿಗೆ ಪರೀಕ್ಷೆಯ ಕೆಲಸವಿದ್ದುದರಿಂದ ನಾವಿಬ್ಬರೇ. ಈ ಸಲ ಒಳಗೆ ಬಹಳ ಹೊತ್ತಾಯಿತು. ಸಾಮಾನ್ಯವಾಗಿ ಹತ್ತು ನಿಮಿಷ, ಮೊನ್ನೆ ಅರ್ಧ ಗಂಟೆ. ನಡುವೆ ಇನ್ನೊಬ್ಬ ಡಾಕ್ಟರು ಒಳಗೆ ಹೋಗಿ ಬಂದರು. ನನ್ನ ತಲೆಯಲ್ಲಿ ಹಳೆಯ ಯಂತ್ರಗಳೆಲ್ಲ ಶುರುವಾದವು. ಅರ್ಧ ಗಂಟೆ ಏಕೆ? ಆ ಡಾಕ್ಟರು ಯಾವ ವಿಭಾಗದವರು? ಬಾಗಿಲ ಬಳಿಯ ನರ್ಸನ್ನು ಕೇಳಲು ಎದ್ದವನು ಮತ್ತೆ ಕೂತೆ.

ಗಿರಿಜಾ ಹೊರಗೆ ಬಂದಳು. ಲಕೋಟೆಯನ್ನು ಚೀಲಕ್ಕೆ ಹಾಕಿ, ಜಿಪ್ಪು ಎಳೆದಳು. ಮುಖ ನೋಡಿದೆ. ನಲವತ್ತು ವರ್ಷ ನೋಡಿದ ಮುಖ, ಏನೂ ಗೊತ್ತಾಗಲಿಲ್ಲ.

"ಎಲ್ಲಾ ಚಲೋ ಐತಂತ," ಎಂದಳು. "ಮುಂದಿನ ಸಲ ಆರು ತಿಂಗಳಿಗೆ ಬಂದ್ರ ಸಾಕಂತ. ನಡೀರಿ, ಹಸಿವಾಗೈತಿ."

ತೋರಿಸು ಎನ್ನಬೇಕೆನ್ನಿಸಿತು. ಚೀಲ ನನ್ನ ಕೈಗೆ ಎಟುಕುವಷ್ಟು ಹತ್ತಿರದಲ್ಲಿತ್ತು. ಅವಳು ನಿಂತು ನನ್ನನ್ನೇ ನೋಡುತ್ತಿದ್ದಳು, ನಾನು ಕೇಳುತ್ತೇನೋ ಇಲ್ಲವೋ ಎಂದು.

"ಏನ್ ತಿಂತಿ?" ಎಂದು ಕೇಳಿದೆ.